ಡೈರಿ ಸಾಲಿನಲ್ಲಿ ಆರು ನಿಮಿಷ: ಮುಳುಗಡೆ ಊರುಗಳ ಮಾತನ್ನು ಮಕ್ಕಳಿಂದ ದಾಖಲಿಸಿದ ನನ್ನ ಅನುಭವ

ಅಣೆಕಟ್ಟೆಯ ನೀರಿನಲ್ಲಿ ಮುಳುಗಿದ ಊರುಗಳ ಹಿರಿಯರ ಮಾತನ್ನು ಮಕ್ಕಳಿಂದ ದಾಖಲಿಸುವಾಗ ವಿಡಿಯೋ ಬಿಟ್ಟು ಬರೀ ಧ್ವನಿಯನ್ನೇ ಹಿಡಿಯುತ್ತೇನೆ ಎಂದು ನಾನು ಹೇಳಿದಾಗ, ಶಾಲೆ ಮಕ್ಕಳ ಜೊತೆ ಇಂಥದೇ ಕೆಲಸ ಮಾಡುತ್ತಿದ್ದ ಹಾಸನದ ಗೆಳೆಯರು ಯಾರೂ ಒಪ್ಪಲಿಲ್ಲ. ರೀಲ್ಸ್ ನೋಡುವ ಕಾಲದಲ್ಲಿ ಮುಖ ಕಾಣದ ಮಾತನ್ನು ಯಾರು ಕೂತು ಕೇಳುತ್ತಾರೆ ಎಂದು ನೇರವಾಗಿಯೇ ಕೇಳಿದರು. ಅದಾಗಿ ಮೂರು ವರ್ಷವಾಯಿತು. ಈಗ ನಮ್ಮೂರಿನ ಹಾಲಿನ ಡೈರಿಯಲ್ಲಿ ಪ್ರತಿ ಗುರುವಾರ ಸಂಜೆ ಆರು ನಿಮಿಷದ ಒಂದು ಕಂತು ಕೇಳಿಬರುತ್ತದೆ. ಹಾಲು ಹಾಕಲು ಬಂದ 100ಕ್ಕೂ ಹೆಚ್ಚು ಜನ ಕ್ಯಾನು ಹಿಡಿದು ನಿಂತಲ್ಲೇ ಕೇಳುತ್ತಾರೆ. ಇದುವರೆಗೆ 80ರ ಆಸುಪಾಸು ಕಂತುಗಳಾಗಿವೆ. ಅಂದು ಅನುಮಾನ ಪಟ್ಟವರಲ್ಲಿ ಇಬ್ಬರು ಈಗ ತಮ್ಮೂರುಗಳಲ್ಲೂ ಡೈರಿ ಸೆಕ್ರೆಟರಿಯ ಹತ್ತಿರ ಮಾತಾಡುತ್ತಿದ್ದಾರೆ.

ನಮ್ಮದು ಆಲೂರು ತಾಲ್ಲೂಕಿನಲ್ಲಿ, ಗೊರೂರು ಜಲಾಶಯದ ಹಿನ್ನೀರಿಗೆ ಹತ್ತಿರವಿರುವ ಊರು. ಹೇಮಾವತಿಗೆ ಕಟ್ಟಿದ ಈ ಅಣೆಕಟ್ಟೆ 1979ರಲ್ಲಿ ಪೂರ್ಣಗೊಂಡಿತು, ನಮ್ಮೂರಿನ ಅರ್ಧದಷ್ಟು ಮನೆಗಳವರು ಆ ಮುಳುಗಡೆಯಲ್ಲಿ ಎದ್ದು ಬಂದವರು. ಹೊರಗಿನವರಿಗೆ ಮುಳುಗಡೆ ಎಂದರೆ ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚ್ ಅಷ್ಟೆ. ಮಳೆಗಾಲದಲ್ಲಿ ಅದು ಅರ್ಧ ಮುಳುಗಿ ನಿಂತ ಫೋಟೋ ಎಲ್ಲರ ಮೊಬೈಲಿನಲ್ಲೂ ಇದೆ. ಆದರೆ ನೀರಿನಡಿಗೆ ಹೋದ ಊರುಗಳಲ್ಲಿ ಸೇದೋಬಾವಿ ಎಲ್ಲಿತ್ತು, ಯಾವ ಮನೆಯ ಮುಂದೆ ಕಣ ಮಾಡುತ್ತಿದ್ದರು ಎಂದು ಹೇಳಬಲ್ಲವರು ಎಂಬತ್ತರ ಹತ್ತಿರದವರು. ನಾನು ಕೆಲಸ ಶುರು ಮಾಡಿದ ಮೇಲೆಯೇ ಅಂಥ ಒಂಬತ್ತು ಜನ ತೀರಿಕೊಂಡರು.

ಮೊದಲ ವರ್ಷ ನಾನು ಕಳೆದುಕೊಂಡದ್ದು ದುಡ್ಡು ಮಾತ್ರವಲ್ಲ, ಅವರ ಸಮಯವನ್ನು ಕೂಡ. ಮದುವೆ ವಿಡಿಯೋ ಮಾಡಿ ಬದುಕಿದವನಾದ್ದರಿಂದ ನನಗೆ ಕ್ಯಾಮೆರಾ ಬಿಟ್ಟು ಬೇರೇನೂ ತೋಚಲಿಲ್ಲ. ಮಕ್ಕಳ ಕೈಗೆ ಕೊಡಲೆಂದು ಸೆಕೆಂಡ್‌ಹ್ಯಾಂಡ್ ಕ್ಯಾಮೆರಾಕ್ಕೆ ಸುಮಾರು 38,000, ಸ್ಟ್ಯಾಂಡು ಮತ್ತು ಲೈಟಿಗೆ 9,000, ಹಾರ್ಡ್‌ಡಿಸ್ಕಿಗೆ 5,000 ರೂಪಾಯಿ ಖರ್ಚಾಯಿತು. ಒಂದು ಸಂಸ್ಥೆಯವರು ಒಂದು ಲಕ್ಷ ಕೊಡುವುದಾಗಿ ಒಪ್ಪಿ, 40,000ದ ಮೊದಲ ಕಂತು ಕೊಟ್ಟು, ಯೂಟ್ಯೂಬಿನಲ್ಲಿ ಎಷ್ಟು ಜನ ನೋಡಿದರು ಎಂಬ ಲೆಕ್ಕ ಕೇಳಿ, ಉಳಿದದ್ದನ್ನು ನಿಲ್ಲಿಸಿದರು. ಲೆಕ್ಕ ಕೊಡುವಂತೆಯೂ ಇರಲಿಲ್ಲ. 14 ವಿಡಿಯೋಗಳಲ್ಲಿ ಹೆಚ್ಚು ಓಡಿದ್ದನ್ನು 200 ಚಿಲ್ಲರೆ ಜನ ನೋಡಿದ್ದರು, ಅವರಲ್ಲಿ ಬಹುಪಾಲು ಬೆಂಗಳೂರಿನಲ್ಲಿರುವ ನಮ್ಮವರೇ. ಯಾರ ಮಾತನ್ನು ಹಿಡಿದಿದ್ದೆವೋ ಅವರ ಕೈಯಲ್ಲಿದ್ದದ್ದು ಕೀಪ್ಯಾಡ್ ಫೋನು.

ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಕ್ಯಾಮೆರಾ ಕಂಡ ಕೂಡಲೇ ಹಿರಿಯರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು, ಕಚೇರಿಯಲ್ಲಿ ಅರ್ಜಿ ಓದುವವರಂತೆ ಮಾತಾಡುತ್ತಿದ್ದರು. ಮುಳುಗಡೆ ಎಂಬ ಮಾತು ಬಂದರೆ ಎಚ್‌ಆರ್‌ಪಿ (ಹೇಮಾವತಿ ಜಲಾಶಯ ಯೋಜನೆಯಲ್ಲಿ ಪರಿಹಾರವಾಗಿ ಕೊಟ್ಟ) ಜಮೀನಿನ ಕಾಗದಕ್ಕೆ ಏನಾದರೂ ತೊಡಕಾದೀತು ಎಂಬ ಭಯವೂ ಅವರಿಗಿತ್ತು, ಆ ಭಯ ಸುಳ್ಳೆಂದು ನಾನು ಹೇಳಲಾರೆ. ಪರಿಹಾರದ ಜಮೀನಿಗಾಗಿ ವರ್ಷಗಟ್ಟಲೆ ಅಲೆದವರಿಗೆ ಮುಖ ತೋರಿಸಿ ಮಾತಾಡು ಎಂದರೆ ಹೇಗೆ ಧೈರ್ಯ ಬರಬೇಕು?

ದಾರಿ ಸಿಕ್ಕಿದ್ದು ಕರೆಂಟು ಹೋದ ಒಂದು ಮಧ್ಯಾಹ್ನ. ಬ್ಯಾಟರಿ ಮುಗಿದು ನಾನು ಕ್ಯಾಮೆರಾ ಮಡಚಿಡುತ್ತಿದ್ದಾಗ ಅಜ್ಜಿಯೊಬ್ಬರು ಮೊರದಲ್ಲಿ ರಾಗಿ ಹರವಿಕೊಂಡು ಕಲ್ಲು ಆರಿಸಲು ಕೂತರು. ಎಂಟನೇ ತರಗತಿಯ ಹುಡುಗಿಯೊಬ್ಬಳು ಪಕ್ಕದಲ್ಲಿ ಕೂತು, ನಿಮ್ಮ ಹಳೇ ಮನೆ ಎಲ್ಲಿತ್ತು ಅಜ್ಜಿ ಎಂದು ಕೇಳಿದಳು. ಅಜ್ಜಿ ಬೆರಳಿನಿಂದ ರಾಗಿಯ ಮೇಲೆ ಒಂದು ಗೀರು ಎಳೆದು, “ನೋಡು ಮಗಾ, ಇದು ನಮ್ ಬೀದಿ, ಇಲ್ಲಿ ಬಸವಣ್ಣನ ಗುಡಿ, ಈ ಕಡೀಕೆ ಬಾವಿ” ಎಂದು ಶುರು ಮಾಡಿದವರು 40 ನಿಮಿಷ ನಿಲ್ಲಿಸಲಿಲ್ಲ. ಮೊರ ತುಂಬಾ ಊರು ಮೂಡಿತ್ತು. ಹುಡುಗಿ ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿ ಪಕ್ಕದಲ್ಲಿಟ್ಟಿದ್ದಳು. ಆಮೇಲೆ ಕೇಳಿದಾಗ ಅಜ್ಜಿಯ ಮಾತಿನ ನಡುವೆ ಬೆರಳು ರಾಗಿಯನ್ನು ಸರಿಸುವ ಸರಸರ ಸದ್ದೂ ಸಿಕ್ಕಿತ್ತು. ಅಂದೇ ಅಜ್ಜಿಗೆ ಅದನ್ನು ಕೇಳಿಸಿ, ಎಲ್ಲರಿಗೂ ಕೇಳಿಸಬಹುದೇ ಎಂದು ಕೇಳಿ ಒಪ್ಪಿಗೆ ಪಡೆದೆವು. ಅದೇ ನಮ್ಮ ಮೊದಲ ಕಂತಾಯಿತು.

ಅಂದಿನಿಂದ ಎರಡು ನಿಯಮ ಮಾಡಿಕೊಂಡೆವು. ಮಾತಾಡುವವರ ಕೈಗೆ ಕೆಲಸವಿರಬೇಕು: ಅವರೆ ಸುಲಿಯುವುದೋ, ಹಗ್ಗ ಹೊಸೆಯುವುದೋ, ಎಲೆ ಅಡಿಕೆ ಹಾಕಿಕೊಳ್ಳುವುದೋ. ಕೇಳುವ ಮಗು ಅದೇ ಮನೆಯದಾಗಿರಬಾರದು. ಸ್ವಂತ ಮೊಮ್ಮಗ ಕೇಳಿದರೆ “ನಿಂಗೆ ಗೊತ್ತಿಲ್ವೇನೋ” ಎಂದು ಮಾತು ಅಲ್ಲಿಗೇ ನಿಲ್ಲುತ್ತದೆ, ಪಕ್ಕದ ಬೀದಿಯ ಮಗು ಕೇಳಿದರೆ ಬುಡದಿಂದ ಹೇಳುತ್ತಾರೆ. ಜಮೀನಿನ ಭಯ ಇದ್ದವರ ಬಾಯಿ ಬಿಡಿಸಲು ಮಕ್ಕಳಿಗೆ ಕಲಿಸಿಕೊಟ್ಟ ಮೊದಲ ಪ್ರಶ್ನೆಯೊಂದಿದೆ. ಅದನ್ನು ಮಾತ್ರ ಬರೆಯುವುದಿಲ್ಲ, ನಮ್ಮೂರಿಗೆ ಬಂದು ಮಕ್ಕಳ ಜೊತೆ ಒಂದು ದಿನ ಕೂತವರಿಗೆ ಅದು ತಾನಾಗಿ ಗೊತ್ತಾಗುತ್ತದೆ.

ರೆಕಾರ್ಡಿಂಗಿನಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಾಲೆಯ ಶೀಟಿನ ಕೆಳಗೆ ಏನೂ ಹಿಡಿಯಲಾಗದು, ಸದ್ದು ತೆಗೆಯಲು ಹೋದರೆ ಮಾತೇ ತಗಡಿನ ಹಾಗಾಗುತ್ತದೆ. ಒಂದು ಮಳೆಗಾಲದ ಹನ್ನೊಂದು ರೆಕಾರ್ಡಿಂಗ್ ಹೀಗೇ ಹಾಳಾದವು. ಕೊನೆಗೆ ಒಬ್ಬರ ಮನೆಯ ಭತ್ತದ ಮೂಟೆ ಪೇರಿಸಿದ ಕೋಣೆಗೆ ಹೋದೆವು. ಮೂಟೆಗಳು ಮಾರ್ದನಿಯನ್ನು ಎಷ್ಟು ಚೆನ್ನಾಗಿ ಹೀರುತ್ತವೆಂದರೆ, ಹಾಸನದ ಸ್ಟುಡಿಯೋದಲ್ಲಿ ಗಂಟೆಗೆ 600 ಕೊಟ್ಟು ಮಾಡಿಸಿದ ಒಂದು ರೆಕಾರ್ಡಿಂಗಿಗಿಂತ ಅಲ್ಲಿನದು ಮೇಲು. ಈ ಎರಡನೇ ಸುತ್ತಿಗೆ ಆದ ಖರ್ಚು ನೆನಪಿರುವಂತೆ ಹೀಗೆ: ರೆಕಾರ್ಡರ್ 8,500, ಎರಡು ಕಾಲರ್ ಮೈಕು 1,800, ಶಾಮಿಯಾನದವರಿಂದ ಕೊಂಡ ಹಳೆಯ ಆ್ಯಂಪ್ಲಿಫೈಯರ್ ಮತ್ತು ಹಾರ್ನ್ 4,000, ಮೆಮೊರಿ ಕಾರ್ಡುಗಳು 1,200. ಒಟ್ಟು ಕೂಡಿದರೂ ಹಳೆಯ ಕ್ಯಾಮೆರಾದ ಅರ್ಧ ಬೆಲೆಯಿಲ್ಲ.

ಡೈರಿಯಲ್ಲೂ ಮೊದಲು ಎಡವಿದೆವು. ಮೊದಲ ವಾರ 14 ನಿಮಿಷದ ಕಂತು ಹಾಕಿದೆ. ಮುಂದಿದ್ದವರು ಹಾಲು ಅಳೆಸಿ, ಫ್ಯಾಟ್ ಬರೆಸಿಕೊಂಡು ಹೋಗಿಬಿಟ್ಟರು, ಹಿಂದೆ ಬಂದವರಿಗೆ ತಲೆಬುಡ ತಿಳಿಯಲಿಲ್ಲ. ಸಾಲಿನ ಕೊನೆಗೆ ನಿಂತವರು ಅಳತೆಯ ಮೇಜಿಗೆ ಬರಲು ಏಳೆಂಟು ನಿಮಿಷ ಬೇಕೆಂದು ಮಕ್ಕಳು ಮೂರು ಸಂಜೆ ನಿಂತು ಲೆಕ್ಕ ಹಾಕಿದರು. ಅದಕ್ಕೇ ಆರು ನಿಮಿಷ, ಸಂಜೆಗೆ ಮೂರು ಸಲ. ಹಾರ್ನಿನಲ್ಲಿ ದಪ್ಪ ಸ್ವರ ಉಳಿಯದ ಕಾರಣ, ಇಯರ್‌ಫೋನಿನಲ್ಲಿ ಇಂಪಾಗಿರುವ ಕಂತು ಅಲ್ಲಿ ಕೇಳಲಾಗದು. ಆಡಾಸಿಟಿ ಎಂಬ ಧ್ವನಿ ಸಂಕಲನದ ತಂತ್ರಾಂಶದಲ್ಲಿ ಹಾರ್ನಿಗೆಂದೇ ಬೇರೆ ಪ್ರತಿ ಮಾಡುತ್ತೇವೆ. ಅದರ ಅಂಕಿಗಳನ್ನು ಹೊಂದಿಸಲು ಎರಡು ತಿಂಗಳು ಹಿಡಿಯಿತು, ಅವು ಸದ್ಯಕ್ಕೆ ನಮ್ಮ ಮಕ್ಕಳ ಸೊತ್ತು. ವಾಟ್ಸಾಪಿಗೆ 64 ಕೆಬಿಪಿಎಸ್ ಮೊನೊ, ಅಂದರೆ ಗಾತ್ರ ಕಿರಿದಾಗಿಸಿದ ಒಂದೇ ವಾಹಿನಿಯ ಧ್ವನಿ ಸಾಕು, ಆರು ನಿಮಿಷಕ್ಕೆ ಮೂರು ಎಂಬಿ ಆಗುತ್ತದೆ, ನೆಟ್‌ವರ್ಕ್ ಒಂದೇ ಗೆರೆ ಇದ್ದಾಗಲೂ ಹೋಗುತ್ತದೆ.

ನಡುವೆ ಬಸ್ ಸ್ಟ್ಯಾಂಡಿನಲ್ಲಿ ಕ್ಯೂಆರ್ ಕೋಡ್ ಅಂಟಿಸಿ ನೋಡಿದೆವು. ಜನ ಅದನ್ನು ದುಡ್ಡು ಹಾಕುವ ಕೋಡ್ ಎಂದುಕೊಂಡರು, ಯಾರೋ ಚಂದಾ ಎತ್ತುತ್ತಿದ್ದಾರೆಂದು ಪಂಚಾಯಿತಿಗೆ ದೂರೂ ಹೋಯಿತು, ಮರುದಿನವೇ ಕಿತ್ತೆವು. ಮಾತನ್ನೆಲ್ಲ ಬರಹಕ್ಕಿಳಿಸುವ ಪ್ರಯತ್ನವೂ ನಡೆಯಿತು: ಮಕ್ಕಳು ಲ್ಯಾಬಿನ ಕಂಪ್ಯೂಟರಿನಲ್ಲಿ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ 40 ಪುಟ ಹೊಡೆದರು, ಮೊಬೈಲಿಗೆ ಹಾಕಿದರೆ ಕನ್ನಡವೇ ಇಲ್ಲ. ಬದಲಾಯಿಸಿದಾಗ ಒತ್ತಕ್ಷರಗಳು ಚದುರಿದವು, ಇಡೀ ಒಂದು ರಜೆ ಮತ್ತೆ ಟೈಪ್ ಮಾಡುವುದರಲ್ಲೇ ಹೋಯಿತು. ಮಕ್ಕಳ ಧ್ವನಿ ಬಳಸಲು ತಂದೆತಾಯಿಯ ಸಹಿಯನ್ನು ಮೊದಲಿನಿಂದಲೂ ಕಾಗದದ ಮೇಲೆ ಪಡೆಯುತ್ತಿದ್ದೇನೆ. 2023ರ ದತ್ತಾಂಶ ಸಂರಕ್ಷಣಾ ಕಾನೂನು 18 ತುಂಬದವರ ವಿಷಯದಲ್ಲಿ ಪೋಷಕರ ಒಪ್ಪಿಗೆ ಕೇಳುತ್ತದೆ, ಆದ್ದರಿಂದ ಈ ಕೆಲಸಕ್ಕೆ ಇಳಿಯುವವರು ಸಹಿಯನ್ನು ಆಮೇಲೆ ನೋಡಿಕೊಳ್ಳೋಣ ಎನ್ನಬಾರದು.

ನನಗೆ ಹೆಚ್ಚು ಪ್ರಿಯವಾದದ್ದು ಮೊರದ ನಕ್ಷೆಯ ಪ್ರಯೋಗ. ಅಜ್ಜಿ ರಾಗಿಯಲ್ಲಿ ಗೀರಿದ್ದನ್ನು ಮಕ್ಕಳು ಹಾಳೆಗೆ ಇಳಿಸಿಕೊಂಡಿದ್ದರು. ಕಳೆದ ಏಪ್ರಿಲ್‌ನಲ್ಲಿ ಹಿನ್ನೀರು ಸರಿದು ನೆಲ ಒಣಗಿದಾಗ, ಮೇಷ್ಟರನ್ನೂ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಇಬ್ಬರನ್ನೂ ಕರೆದುಕೊಂಡು ಆ ಹಾಳೆ ಹಿಡಿದು ನಡೆದೆವು. ಗುಡಿಯ ಜಗಲಿ ಕಲ್ಲು ಸಿಕ್ಕಿತು, ಅಲ್ಲಿಂದ ಅಜ್ಜಿ ಹೇಳಿದ ದಿಕ್ಕಿನಲ್ಲಿ ಹೋದರೆ 30 ಹೆಜ್ಜೆಯೊಳಗೆ ಹೂಳು ತುಂಬಿದ ಬಾವಿಯ ಅಂಚು. ಅದನ್ನು ಹುಡುಗಿ ಅಲ್ಲಿಯೇ ನಿಂತು ಫೋನಿನಲ್ಲಿ ಅಜ್ಜಿಗೆ ಹೇಳಿದಳು, ಆ ಕರೆಯನ್ನು ಹಾಗೇ ಹಿಡಿದು ಅಜ್ಜಿಯ ಒಪ್ಪಿಗೆಯಿಂದ ಮುಂದಿನ ಗುರುವಾರ ಡೈರಿಯಲ್ಲಿ ಹಾಕಿದೆವು. “ಹಗ್ಗದ ಗೀರು ಇನ್ನೂ ಐತೇನವ್ವಾ ಕಲ್ಲಿನ ಮೇಲೆ?” ಎಂದು ಅಜ್ಜಿ ಕೇಳುವಲ್ಲಿಗೆ ಅಳತೆ ಮಾಡುತ್ತಿದ್ದ ಸೆಕ್ರೆಟರಿ ಲೀಟರನ್ನು ಕ್ಯಾನಿನ ಮೇಲೆ ಹಿಡಿದು ಹಾಗೇ ನಿಂತರು. ಹುಡುಗಿ ಕೆಸರು ಒರೆಸಿ ನೋಡಿ, ಐತೆ ಅಜ್ಜಿ, ನಾಕು ಗೀರು ಐತೆ ಎಂದಳು.