ಎರಡು ತಾರೀಖುಗಳ ಪುಸ್ತಕ: ಬಟ್ಟಿಕಲೋವದ ಗೆಳೆಯರೊಂದಿಗೆ ನಮ್ಮ ಸಭೆ

2019ರ ಏಪ್ರಿಲ್ 21, ಪುನರುತ್ಥಾನದ ಭಾನುವಾರ, ಅಂದರೆ ಈಸ್ಟರ್. ಬೆಂಗಳೂರಿನ ನಮ್ಮ ಕ್ರೈಸ್ತ ಸಭೆಯಲ್ಲಿ ಎರಡನೆಯ ಆರಾಧನೆ ಮುಗಿಸಿ ನಾನು ವೆಸ್ಟ್ರಿಗೆ ಬಂದಾಗ ಕಾರ್ಯದರ್ಶಿಯವರು ಮೊಬೈಲ್ ಹಿಡಿದು ನಿಂತಿದ್ದರು. ಶ್ರೀಲಂಕಾದ ಮೂರು ಚರ್ಚುಗಳಲ್ಲಿ, ಕೊಲಂಬೊದ ದೊಡ್ಡ ಹೋಟೆಲುಗಳಲ್ಲಿ ಬಾಂಬ್ ಸ್ಫೋಟವಾಗಿದೆ ಎಂದರು. ಕೊಲಂಬೊ, ನೆಗೊಂಬೊ ಎಂಬ ಹೆಸರುಗಳನ್ನು ಕೇಳುವಾಗ ಮನಸ್ಸು ಹೇಗೋ ತಡೆದುಕೊಂಡಿತ್ತು. ಮೂರನೆಯದು ಬಟ್ಟಿಕಲೋವದ ಸೀಯೋನ್ ಚರ್ಚ್ ಎಂದಾಗ ನಾನು ಕುರ್ಚಿಯಲ್ಲಿ ಕುಳಿತುಬಿಟ್ಟೆ.

ತಮಿಳರು ಮಟ್ಟಕ್ಕಳಪ್ಪು ಎಂದು ಕರೆಯುವ ಆ ಊರಿನಲ್ಲಿ ನನ್ನ ಗೆಳೆಯರೊಬ್ಬರು ಮೆಥೊಡಿಸ್ಟ್ ಸಭಾಪಾಲಕರಾಗಿದ್ದರು. ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ನಾವು ಒಟ್ಟಿಗೆ ಓದಿದವರು. ಆ ವರ್ಷಗಳಲ್ಲಿ ಅವರ ಹೆಂಡತಿ ನಮ್ಮ ಸಂಡೇ ಸ್ಕೂಲಿನ ಚಿಕ್ಕ ಮಕ್ಕಳಿಗೆ ಹಾಡು ಕಲಿಸುತ್ತಿದ್ದುದರಿಂದ, ನಮ್ಮ ಸಭೆಯ ಮಟ್ಟಿಗೆ ಅವರು ಎಲ್ಲೋ ಇರುವ ವಿದೇಶದವರಾಗಿರಲಿಲ್ಲ. ಅಂತರ್ಯುದ್ಧವನ್ನೂ 2004ರ ಸುನಾಮಿಯನ್ನೂ ದಾಟಿ ಬಂದಿದ್ದ ಆ ದಂಪತಿಗೆ ಸಾವು ಹೊಸದಲ್ಲ ಎಂದು ನಾವು ಮೇಲಿಂದ ಮೇಲೆ ಹೇಳಿಕೊಳ್ಳುತ್ತಿದ್ದೆವು. ಅದು ಎಂಥ ದಡ್ಡ ಮಾತು ಎಂದು ಆ ವಾರ ಅರ್ಥವಾಯಿತು.

ಅಂದು ಶ್ರೀಲಂಕಾ ಸರ್ಕಾರ ಫೇಸ್‌ಬುಕ್, ವಾಟ್ಸ್‌ಆ್ಯಪ್ ಮುಂತಾದವನ್ನು ತಡೆಹಿಡಿದು ಕರ್ಫ್ಯೂ ಹೇರಿತ್ತು. ಸಾಮಾನ್ಯ ಫೋನಿನಲ್ಲೇ ಸಂಜೆಯವರೆಗೆ ಪ್ರಯತ್ನಿಸಿದೆ. ಕೊನೆಗೆ ಸಿಕ್ಕಿದಾಗ ಗೆಳೆಯರು ಆಸ್ಪತ್ರೆಯಲ್ಲಿದ್ದರು. ಅವರ ಹೆಂಡತಿಯ ಅಕ್ಕನ ಮನೆಯವರು ಸೀಯೋನ್ ಸಭೆಗೆ ಸೇರಿದವರು. ಸಂಡೇ ಸ್ಕೂಲ್ ಮುಗಿಸಿ ಅಂಗಳದಲ್ಲಿದ್ದ ಮಕ್ಕಳಲ್ಲಿ ಆ ಅಕ್ಕನ ಮಗನೂ ಇದ್ದ. "ಅಣ್ಣಾ, ಏನೂ ಹೇಳಬೇಡಿ, ಲೈನಿನಲ್ಲಿ ಮಾತ್ರ ಇರಿ" ಎಂದರು. ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಸ್ಟ್ರೆಚರಿನ ಚಕ್ರದ ಸದ್ದು, ಯಾರೋ ಯಾರನ್ನೋ ಕೂಗುವ ದನಿ, ನಡುನಡುವೆ ಅವರ ಉಸಿರು, ಇಷ್ಟನ್ನೇ ಕೇಳುತ್ತ ಇದ್ದೆ. ಬೈಬಲಿನಲ್ಲಿ, ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಒಂದು ಮಾತೂ ಆಡದೆ ನೆಲದ ಮೇಲೆ ಅವನ ಜೊತೆ ಕುಳಿತರೆಂಬ ಅಧ್ಯಾಯದ ಮೇಲೆ ನಾನು ಎಷ್ಟೋ ಸಲ ಪ್ರಸಂಗ ಮಾಡಿದ್ದೇನೆ. ಇಪ್ಪತ್ತು ನಿಮಿಷ ಸುಮ್ಮನಿರುವುದೇ ಎಷ್ಟು ಕಷ್ಟವೆಂದು ಮಾತ್ರ ಅದುವರೆಗೆ ಗೊತ್ತಿರಲಿಲ್ಲ.

ಮರುದಿನ ಕಮಿಟಿ ಸೇರಿತು. ಎಲ್ಲರಿಗೂ ಏನಾದರೂ ಮಾಡಲೇಬೇಕೆಂಬ ತವಕ. ಆ ತವಕದಲ್ಲಿ ನಾವು ಮಾಡಿದ ಮೊದಲ ಕೆಲಸವೇ ತಪ್ಪಾಯಿತು. ನಮ್ಮ ಸಂಡೇ ಸ್ಕೂಲ್ ಮಕ್ಕಳ ಕೈಯಲ್ಲಿ ಹೂವು, ಶಿಲುಬೆ, ಕಾಮನಬಿಲ್ಲು ಬರೆಸಿ, ಒಳ್ಳೆಯ ಮಾತುಗಳನ್ನು ಸೇರಿಸಿ, ಮೂವತ್ತಕ್ಕೂ ಹೆಚ್ಚು ಕಾರ್ಡುಗಳನ್ನು ಕೊಲಂಬೊಗೆ ಹೊರಟಿದ್ದ ಪರಿಚಿತರೊಬ್ಬರ ಕೈಯಲ್ಲಿ ಕಳುಹಿಸಿದೆವು. ಅವು ಕೈಸೇರಿದ ಮೇಲೆ ಗೆಳೆಯರು ಬಹಳ ಮೃದುವಾಗಿ ಹೇಳಿದರು: "ಅಣ್ಣಾ, ಇವನ್ನು ತಾಯಂದಿರಿಗೆ ಕೊಡಲು ನನ್ನಿಂದಾಗುವುದಿಲ್ಲ. ಬದುಕಿರುವ ಮಕ್ಕಳ ಕೈಬರಹವನ್ನು ಅವರು ಈಗ ಹೇಗೆ ನೋಡುತ್ತಾರೆ?" ಕಾರ್ಡುಗಳು ಅವರ ಬೀರುವಿನಲ್ಲೇ ಉಳಿದವು. ಅಂದಿನಿಂದ, ಏನನ್ನು ಕಳುಹಿಸುವುದಕ್ಕೂ ಮೊದಲು ಗೆಳೆಯರನ್ನು ಕೇಳಬೇಕು, ಅವರು ಬೇಡವೆಂದರೆ ಕಾರಣ ಕೇಳಬಾರದು ಎಂದು ಗೊತ್ತುಮಾಡಿಕೊಂಡೆವು. ಮೃತ ಮಕ್ಕಳ ಚಿತ್ರಗಳನ್ನು ಪ್ರಾರ್ಥನೆಗಾಗಿ ತರಿಸಿಕೊಳ್ಳೋಣವೆಂದು ಸ್ತ್ರೀಯರ ಕೂಟದಲ್ಲಿ ಬಂದ ಸಲಹೆಯನ್ನೂ ಆಗಲೇ ಕೈಬಿಟ್ಟೆವು.

ಹಣದ ವಿಷಯದಲ್ಲಿ ಆದದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇಂಥ ಸಂದರ್ಭದಲ್ಲಿ ಬೇರೆ ಸಭೆಗಳೂ ಇಲ್ಲೇ ಎಡವುವುದನ್ನು ಕಂಡಿದ್ದೇನೆ. ಏಪ್ರಿಲ್ 28ರ ಭಾನುವಾರ ವಿಶೇಷ ಕಾಣಿಕೆ ಎತ್ತಿದೆವು. ಆ ವಾರ ಪತ್ರಿಕೆಗಳ ತುಂಬ, ಚುನಾವಣೆಯ ಕೆಲಸ ಮುಗಿಸಿ ಕೊಲಂಬೊಗೆ ಹೋಗಿ ಹೋಟೆಲಿನ ಸ್ಫೋಟದಲ್ಲಿ ತೀರಿಕೊಂಡಿದ್ದ ನಮ್ಮ ರಾಜ್ಯದವರ ಸುದ್ದಿಯೂ ಇದ್ದುದರಿಂದ, ಜನ ಕೈತುಂಬ ಕೊಟ್ಟರು. ಹಣ ಎಣಿಸಿಟ್ಟ ಮೇಲೆ ನಮ್ಮ ಲೆಕ್ಕಪರಿಶೋಧಕರು ತಡೆದರು. ಭಾರತದ ಧರ್ಮಾರ್ಥ ಟ್ರಸ್ಟೊಂದು ತನ್ನ ಆದಾಯವನ್ನು ದೇಶದ ಹೊರಗೆ ಖರ್ಚು ಮಾಡಿದರೆ, ವಿಶೇಷ ಅನುಮತಿ ಇಲ್ಲದಿದ್ದಲ್ಲಿ, ಆ ಮೊತ್ತಕ್ಕೆ ಆದಾಯ ತೆರಿಗೆಯ ವಿನಾಯಿತಿ ಸಿಗುವುದಿಲ್ಲ ಎಂದು ವಿವರಿಸಿದರು. ಮುಂದಿನ ಭಾನುವಾರ ನಾನು ವೇದಿಕೆಯಿಂದಲೇ ತಪ್ಪೊಪ್ಪಿಕೊಂಡು, ಕೊಟ್ಟವರು ಹಣವನ್ನು ಹಿಂದಕ್ಕೆ ಪಡೆಯಬಹುದು ಎಂದು ಪ್ರಕಟಿಸಬೇಕಾಯಿತು. ಸಭಾಪಾಲಕನಾದವನಿಗೆ ಇದು ಸುಲಭದ ಪ್ರಕಟಣೆಯಲ್ಲ. ಬಳಿಕ ಆರು ಮಂದಿ ತಮ್ಮ ತಮ್ಮ ಪ್ಯಾನ್ ಸಂಖ್ಯೆ ಕೊಟ್ಟು, ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ, ವೈಯಕ್ತಿಕ ಉಡುಗೊರೆಯೆಂದು ಬ್ಯಾಂಕಿನ ಮೂಲಕ ಕಳುಹಿಸಿದರು. ವ್ಯಕ್ತಿಯೊಬ್ಬರು ವರ್ಷಕ್ಕೆ 2,50,000 ಡಾಲರುಗಳವರೆಗೆ ಹೀಗೆ ಕಳುಹಿಸಲು ಅವಕಾಶವಿದೆ. ನಮ್ಮ ಮೊತ್ತ ಆ ಮಿತಿಯ ಹತ್ತಿರಕ್ಕೂ ಸುಳಿಯುವಂಥದ್ದಾಗಿರಲಿಲ್ಲವೆಂದು ಹೇಳಬೇಕಾಗಿಯೇ ಇಲ್ಲ. ಹಣವನ್ನು ಯಾವುದಕ್ಕೆ ಬಳಸಬೇಕೆಂದು ಗೆಳೆಯರೇ ತಿಳಿಸಿದರು. ಪರಿಹಾರ ನಿಧಿಗಳು ಹಲವು ಕಡೆಯಿಂದ ಬರುತ್ತಿದ್ದವು. ಗಾಯಗೊಂಡ ಮಕ್ಕಳನ್ನು ಚಿಕಿತ್ಸೆಗೆ ಮತ್ತೆ ಮತ್ತೆ ಕೊಲಂಬೊಗೆ ಕರೆದೊಯ್ಯುವ ತಾಯಂದಿರ ಬಸ್ಸು, ಊಟ, ವಸತಿಯ ಖರ್ಚನ್ನು ಮಾತ್ರ ಯಾವ ನಿಧಿಯೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಇದಕ್ಕಿಂತಲೂ ಕಷ್ಟವಾದದ್ದು ನಮ್ಮವರ ಮೊಬೈಲುಗಳನ್ನು ಹದ್ದುಬಸ್ತಿನಲ್ಲಿಡುವ ಕೆಲಸ. ದಾಳಿಯ ಸೂತ್ರಧಾರನ ಊರಾದ ಕಾತ್ತಾನ್‌ಕುಡಿ ಬಟ್ಟಿಕಲೋವದ ಪಕ್ಕದಲ್ಲೇ ಇದೆ; ಅಲ್ಲಿನ ಬಹುತೇಕ ಜನ ಮುಸ್ಲಿಮರು. ನಮ್ಮ ಸಭೆಯ ಗುಂಪಿನಲ್ಲಿ ಎರಡನೆಯ ದಿನದಿಂದಲೇ ವಿಷದಂಥ ವಿಡಿಯೊಗಳು ಹರಿದಾಡತೊಡಗಿದವು. ಅವುಗಳಲ್ಲೊಂದನ್ನು ಯಾರೋ ಗೆಳೆಯರಿಗೂ ಕಳುಹಿಸಿಬಿಟ್ಟಿದ್ದರು. ಅವರು ಅಷ್ಟು ದಿನಗಳಲ್ಲಿ ನನ್ನ ಮೇಲೆ ದನಿ ಎತ್ತಿದ್ದು ಅದೊಂದೇ ಸಲ. ಆಸ್ಪತ್ರೆಯಲ್ಲಿ ರಕ್ತ ಕೊಡಲು ಸಾಲಿನಲ್ಲಿ ನಿಂತವರಲ್ಲಿ ತಮ್ಮ ಪರಿಚಯದ ಮುಸ್ಲಿಮರೂ ಇದ್ದರೆಂದೂ, ನಾಳೆ ಅವರ ಅಂಗಡಿಗೆ ಬೆಂಕಿ ಬಿದ್ದರೆ ಅದರ ಹೊಗೆ ನಮ್ಮ ಮಕ್ಕಳ ಸಮಾಧಿಗಳ ಮೇಲೆಯೇ ಹರಡುವುದೆಂದೂ ಹೇಳಿದರು. ಮೇ 13ರಂದು ಶ್ರೀಲಂಕಾದ ವಾಯವ್ಯ ಪ್ರಾಂತ್ಯದಲ್ಲಿ ಮಸೀದಿಗಳ, ಅಂಗಡಿಗಳ ಮೇಲೆ ದಾಳಿ ನಡೆದಾಗ ನನಗೆ ಆ ಮಾತು ನೆನಪಾಯಿತು. ಆ ವಾರದ ಪ್ರಾರ್ಥನೆಯಲ್ಲಿ ಕಾತ್ತಾನ್‌ಕುಡಿಯ ಮನೆಗಳನ್ನೂ ಹೆಸರಿಸಿದೆ. ಇಬ್ಬರು ಹಿರಿಯರು ಎದ್ದು ಹೊರಗೆ ಹೋದರು. ಒಬ್ಬರು ಮುಂದಿನ ವಾರ ಬಂದರು, ಇನ್ನೊಬ್ಬರು ಬರಲು ಹಲವು ತಿಂಗಳು ಹಿಡಿಯಿತು. ಆ ಪ್ರಾರ್ಥನೆಯನ್ನು ನಾನು ಇಂದಿಗೂ ಹಿಂತೆಗೆದುಕೊಳ್ಳುವುದಿಲ್ಲ.

ಇಷ್ಟರಲ್ಲಿ ನಮ್ಮ ಸಂಡೇ ಸ್ಕೂಲಿನ ಮೇಲ್ವಿಚಾರಕಿಯವರು ಒಂದು ಇನ್ನೂರು ಪುಟದ ನೋಟ್‌ಪುಸ್ತಕ ತಂದರು. ದುಃಖದ ಮನೆಗೆ ಮೊದಲ ವಾರ ಎಲ್ಲರೂ ಬರುತ್ತಾರೆ, ಮೂರನೆಯ ತಿಂಗಳು ಯಾರೂ ಬರುವುದಿಲ್ಲ, ಆದ್ದರಿಂದ ನಾವು ಮೂರನೆಯ ತಿಂಗಳಿನವರಾಗೋಣ ಎಂಬುದು ಅವರ ಮಾತು. ಗಂಡನನ್ನು ಕಳೆದುಕೊಂಡ ಆಕೆ ಅದನ್ನು ಯಾವ ಪುಸ್ತಕದಿಂದಲೂ ಕಲಿತಿರಲಿಲ್ಲ. ತಾರೀಖುಗಳನ್ನು ಗೆಳೆಯರನ್ನೇ ಕೇಳಿ ಬರೆದುಕೊಂಡೆವು: ಮೇ 21, ಮೂವತ್ತೊಂದನೆಯ ದಿನದ ಪ್ರಾರ್ಥನೆ; ಹುಡುಗನ ಹುಟ್ಟಿದ ದಿನ; ಅವನ ತರಗತಿಯವರು ಪರೀಕ್ಷೆ ಬರೆಯುವ ದಿನ; ಕ್ರಿಸ್ಮಸ್ಸಿಗೆ ಆ ಮನೆಯಲ್ಲಿ ಬಟ್ಟೆ ಹೊಲಿಸುತ್ತಿದ್ದ ವಾರ. ಪ್ರತಿ ಗುರುವಾರ ರಾತ್ರಿ ಒಂಬತ್ತಕ್ಕೆ ನಮ್ಮಲ್ಲೊಬ್ಬರು ಕರೆ ಮಾಡಬೇಕು. ಎರಡು ದೇಶಗಳ ಗಡಿಯಾರ ಒಂದೇ ಆದ್ದರಿಂದ ಇದರಲ್ಲಿ ತೊಡಕಿರಲಿಲ್ಲ. ದಂಡು ಪ್ರದೇಶದ ತಮಿಳು ಬಲ್ಲ ನಾಲ್ವರನ್ನು ಸರದಿಗೆ ಹಾಕಿದೆವು, ಏಕೆಂದರೆ ಆ ತಾಯಿ ಇಂಗ್ಲಿಷಿನಲ್ಲಿ ಅಳಲಾರರು. ಅವರು ಫೋನೆತ್ತದ ಗುರುವಾರಗಳೂ ಇದ್ದವು. ಆಗ ಎರಡನೆಯ ಸಲ ಕರೆ ಮಾಡಬಾರದು, ಪುಸ್ತಕದಲ್ಲಿ ಒಂದು ಗೆರೆ ಎಳೆದು ಮುಂದಿನ ಗುರುವಾರಕ್ಕೆ ಕಾಯಬೇಕು ಎಂದು ಮಾತಾಯಿತು. ಮೊದಲ ಒಂಬತ್ತು ವಾರಗಳಲ್ಲಿ ಐದು ಗೆರೆಗಳಿವೆ.

ಆ ಪುಸ್ತಕ ತುಂಬುತ್ತ ಹೋದಂತೆ ನಮಗೆ ಒಂದು ಸಂಗತಿ ಗಮನಕ್ಕೆ ಬಂತು. ಈಸ್ಟರ್ ಚಂದ್ರನ ಲೆಕ್ಕದ ಹಬ್ಬ, ವರ್ಷದಿಂದ ವರ್ಷಕ್ಕೆ ಸರಿಯುತ್ತದೆ. ಏಪ್ರಿಲ್ 21 ಸರಿಯುವುದಿಲ್ಲ. ಹೀಗಾಗಿ ಆ ಮನೆಯವರಿಗೆ ವರ್ಷಕ್ಕೊಂದಲ್ಲ, ಎರಡು ಸಂಸ್ಮರಣೆಗಳು: ಊರೆಲ್ಲ ಹಲ್ಲೆಲೂಯ ಹಾಡುವ ಹಬ್ಬದ ದಿನ ಒಂದು, ಕ್ಯಾಲೆಂಡರಿನ ದಿನ ಇನ್ನೊಂದು. 2020ರಲ್ಲಿ ಹಬ್ಬ ಏಪ್ರಿಲ್ 12ಕ್ಕೆ ಬಂತು. ಮೊದಲ ವರ್ಷದ ಪ್ರಾರ್ಥನೆಗೆ ನಾವು ಐವರು ಹೋಗುವುದೆಂದು ಟಿಕೆಟ್ ತೆಗೆದಿದ್ದೆವು. ಅಷ್ಟರಲ್ಲಿ ಇಲ್ಲಿ ಲಾಕ್‌ಡೌನ್, ಅಲ್ಲಿ ಕರ್ಫ್ಯೂ. ಫೋನಿನ ಎರಡು ತುದಿಯಲ್ಲಿ ಒಂದೊಂದು ಮೇಣದ ಬತ್ತಿ ಹಚ್ಚಿ, ಬೈಬಲಿನ ಹದಿಮೂರನೆಯ ಕೀರ್ತನೆಯನ್ನು ನಾನು ಕನ್ನಡದಲ್ಲೂ ಗೆಳೆಯರು ತಮಿಳಿನಲ್ಲೂ ಓದಿದೆವು. ಎಷ್ಟರವರೆಗೆ ಎಂದು ದೇವರನ್ನೇ ಕೇಳುವ ಆ ಕೀರ್ತನೆಯ ಕೊನೆಗೆ ಸ್ತುತಿ ಬರುತ್ತದೆ. ಆ ಭಾಗವನ್ನು ಈ ವರ್ಷ ಓದಬೇಡಿ ಎಂದು ತಾಯಿ ಕೇಳಿಕೊಂಡಿದ್ದರಿಂದ ಅಲ್ಲಿಗೇ ನಿಲ್ಲಿಸಿದೆವು.

ಕಳೆದ ವರ್ಷ ನನಗೆ ಬೇರೆ ಸಭೆಗೆ ವರ್ಗವಾಯಿತು. ಹೊರಡುವ ಮುನ್ನ ಮೇಲ್ವಿಚಾರಕಿಯವರೂ ನಾನೂ ಕುಳಿತು ಪಂಚಾಂಗ ನೋಡಿ ಮುಂದಿನ ವರ್ಷಗಳ ಪುಟಗಳಿಗೆ ತಾರೀಖು ಹಾಕಿದೆವು. ಎರಡೂ ದಿನ ಮತ್ತೆ ಒಂದೇ ಆಗುವುದು 2030ರಲ್ಲಿ. ಆ ಪುಟದ ಮೇಲೆ ಆಕೆ "ಹೋಗಲೇಬೇಕು" ಎಂದು ಬರೆದು, ಕೆಳಗೆ ಐವರ ಹೆಸರಿಗೆ ಜಾಗ ಬಿಟ್ಟರು. ಮೊದಲನೆಯದು ನನ್ನ ಹೆಸರು.