ತಿಂಗಳ ಗುರಿ ಮೂವತ್ತು ಪಟ್ಟು ತೋರಿಸುತ್ತಿದ್ದ ಪ್ಯಾಕೇಜ್ ಸರಿಮಾಡಿದ್ದು

ಕೋಲಾರದ ಟೊಮೆಟೊ ಮಂಡಿಯ ವರದಿ. ಐಬಿಎಂನ ವರದಿ ತಂತ್ರಾಂಶ ಕಾಗ್ನೋಸ್‌ನಲ್ಲಿ ಮಾಡೆಲ್ (ಟೇಬಲ್‌ಗಳ ಜೋಡಣೆಯ ನಕ್ಷೆ) ಕಟ್ಟುವ ಫ್ರೇಮ್‌ವರ್ಕ್ ಮ್ಯಾನೇಜರ್‌ನಲ್ಲಿ ಮಾಡಿದ ಪ್ಯಾಕೇಜ್, ಅಂದರೆ ವರದಿ ಮಾಡುವವರಿಗೆ ಕೊಡುವ ಮಾಡೆಲ್‌ನ ಭಾಗ. ಆವಕ ದಿನದ ಲೆಕ್ಕ, ಗುರಿ ತಿಂಗಳ ಲೆಕ್ಕ. ಜೂನ್ ಗುರಿ 9,000 ಕ್ರೇಟ್ ಇದ್ದರೆ ವರದಿಯಲ್ಲಿ 2,70,000!

ತಪ್ಪು ವರದಿಯಲ್ಲಿಲ್ಲ, ಮಾಡೆಲ್‌ನಲ್ಲಿತ್ತು. ಗುರಿಯ ಟೇಬಲ್ ದಿನಾಂಕದ ಟೇಬಲ್‌ಗೆ ತಿಂಗಳ ಕೀ (ಗುರುತಿನ ಕಾಲಂ) ಮೂಲಕ ಜೋಡಣೆಯಾಗಿದ್ದರಿಂದ ಒಂದೇ ಗುರಿ 30 ದಿನದ ಸಾಲುಗಳಿಗೂ ಅಂಟಿಕೊಂಡು ಕೂಡಿಬರುತ್ತಿತ್ತು. ದಿನಾಂಕದ ಕ್ವೆರಿ ಸಬ್ಜೆಕ್ಟ್ (ಮಾಡೆಲ್‌ನಲ್ಲಿ ಆ ಟೇಬಲ್‌ನ ರೂಪ) ತೆರೆದು, ಯಾವ ಮಟ್ಟದಲ್ಲಿ ಸಾಲು ಗುಂಪಾಗಬೇಕೆಂದು ಹೇಳುವ ಡಿಟರ್ಮಿನೆಂಟ್ಸ್ ಟ್ಯಾಬ್‌ನಲ್ಲಿ ಮೊದಲು ತಿಂಗಳು ಸೇರಿಸಿ 'ಗ್ರೂಪ್ ಬೈ' ಟಿಕ್ ಮಾಡಿ. ಅದರ ಕೆಳಗೆ ದಿನ ಸೇರಿಸಿ 'ಯೂನಿಕ್ಲಿ ಐಡೆಂಟಿಫೈಡ್' (ಒಂದು ದಿನಕ್ಕೆ ಒಂದೇ ಸಾಲು) ಟಿಕ್ ಮಾಡಿ. ತಿಂಗಳ ಕೀ ಬರೀ 6 ಅಲ್ಲ, 202406 ಹೀಗೆ ವರ್ಷ ಸೇರಿರಬೇಕು. ಇಲ್ಲದಿದ್ದರೆ ಎಲ್ಲ ವರ್ಷದ ಜೂನ್ ಒಂದೇ ಗುಂಪಾಗುತ್ತದೆ.

ಹಾಗೆಯೇ ಕಾರ್ಡಿನಾಲಿಟಿ (ಜೋಡಣೆಯಲ್ಲಿ ಒಂದು ಸಾಲಿಗೆ ಎಷ್ಟು ಸಾಲು ಎಂಬುದು) ನೋಡಿ: ಆವಕ ಮತ್ತು ಗುರಿಯ ಕಡೆ 1..n (ಒಂದು ಅಥವಾ ಹೆಚ್ಚು), ದಿನಾಂಕದ ಕಡೆ 1..1 (ಒಂದೇ ಒಂದು).

ಮಂಡಿಯ ಗುರುತಿನ ಸಂಖ್ಯೆಯೂ ಕೂಡಿಕೊಂಡು ಬರುತ್ತಿತ್ತು, ನಗು ಬರುವಂಥ ಮೊತ್ತ. ಅಂಕಿ ಇರುವ ಕಾಲಂ ಆಮದಾಗುವಾಗ ಸಾಮಾನ್ಯವಾಗಿ 'ಫ್ಯಾಕ್ಟ್' (ಕೂಡಿಸುವ ಅಂಕಿ) ಆಗಿಬಿಡುತ್ತದೆ. ಆ ಕಾಲಂನ ಯೂಸೇಜ್ (ಬಳಕೆಯ ಬಗೆ) ಅನ್ನು 'ಐಡೆಂಟಿಫೈಯರ್' (ಬರೀ ಗುರುತು) ಮಾಡಿ.

ಬಳಕೆದಾರರಿಗೆ ಬೇಡದ ಕೀಗಳನ್ನು ಪ್ಯಾಕೇಜ್‌ನಲ್ಲಿ 'ಹೈಡ್' ಮಾಡಿದರೆ ಸಾಕು. ಪೂರ್ತಿ ತೆಗೆದರೆ ಅವನ್ನು ಬಳಸಿದ ಹಳೆಯ ವರದಿಗಳು ಮುರಿಯುತ್ತವೆ. ಹೆಸರು ಬದಲಿಸಿದರೂ ಅದೇ ಗತಿ. ಆದ್ದರಿಂದ 'ಅನಲೈಜ್ ಪಬ್ಲಿಷ್ ಇಂಪ್ಯಾಕ್ಟ್' ಓಡಿಸಿ, ಯಾವ ವರದಿಗೆ ಪೆಟ್ಟು ಅಂತ ನೋಡಿಕೊಂಡೇ ಪಬ್ಲಿಷ್ ಮಾಡಿ. ಮಾಡೆಲ್ ಉಳಿಸಿದ ಮಾತ್ರಕ್ಕೆ ಬಳಕೆದಾರರಿಗೆ ಏನೂ ಬದಲಾಗುವುದಿಲ್ಲ. ಪ್ಯಾಕೇಜ್ ಮತ್ತೆ ಪಬ್ಲಿಷ್ ಆಗಲೇಬೇಕು.