‘ಇಫ್’ ಇಲ್ಲದೆ ಕ್ಯಾಪಿಟಲ್ ಅಕ್ಷರ ಸ್ಮಾಲ್ ಮಾಡುವುದು ಹೇಗೆ?

ಡೇಟಾಬೇಸ್ ಜೊತೆ ಮಾತಾಡುವ ಭಾಷೆಯಾದ ಎಸ್‌ಕ್ಯೂಎಲ್‌ನ ಕೋಡ್‌ನಲ್ಲಿ ‘ಸೆಲೆಕ್ಟ್’ ಎಂಬ ಪದವನ್ನು ಒಬ್ಬರು ಕ್ಯಾಪಿಟಲ್‌ನಲ್ಲಿ ಬರೆಯುತ್ತಾರೆ, ಇನ್ನೊಬ್ಬರು ಸ್ಮಾಲ್‌ನಲ್ಲಿ. ಅರ್ಥ ಒಂದೇ. ಇಂಥ ಕೋಡ್ ಓದುವ ಟೂಲ್ ಮಾತ್ರ ಎಲ್ಲವನ್ನೂ ಮೊದಲು ಒಂದೇ ರೂಪಕ್ಕೆ ತಂದುಕೊಳ್ಳಬೇಕು. ಸಾವಿರಾರು ಫೈಲ್ ಇದ್ದರೆ ಈ ಪುಟ್ಟ ಕೆಲಸಕ್ಕೇ ಜಾಸ್ತಿ ಹೊತ್ತು ಹೋಗುತ್ತದೆ. ಸಿ ಭಾಷೆಯಲ್ಲಿ ಇದಕ್ಕೊಂದು ಚುರುಕು ಫಂಕ್ಷನ್ ಬರೆಯೋಣ.

ಮೊದಲು ಆಸ್ಕಿ ಪಟ್ಟಿ, ಅಂದರೆ ಕಂಪ್ಯೂಟರ್ ಪ್ರತಿ ಇಂಗ್ಲಿಷ್ ಅಕ್ಷರಕ್ಕೂ ಕೊಡುವ ಸಂಖ್ಯೆಯ ಪಟ್ಟಿ ನೋಡಿ. ಕ್ಯಾಪಿಟಲ್ ಅಕ್ಷರಗಳು 65ರಿಂದ 90, ಸ್ಮಾಲ್ ಅಕ್ಷರಗಳು 97ರಿಂದ 122. 1963ರ ಮೊದಲ ಆಸ್ಕಿಯಲ್ಲಿ ಸ್ಮಾಲ್ ಅಕ್ಷರಗಳೇ ಇರಲಿಲ್ಲ. 1967ರಲ್ಲಿ ಸೇರಿಸಿದಾಗ ಸರಿಯಾಗಿ 32 ಅಂತರದಲ್ಲಿ ಕೂರಿಸಿದರು. ಅಂದರೆ ಎರಡು ರೂಪಗಳ ನಡುವೆ 32 ಬೆಲೆಯ ಒಂದೇ ಬಿಟ್ ವ್ಯತ್ಯಾಸ.

ಹಾಗಾದರೆ ಪ್ರತಿ ಬೈಟ್‌ನಲ್ಲೂ ಸುಮ್ನೆ ಆ ಬಿಟ್ ಆನ್ ಮಾಡಿದರೆ ಸಾಕಲ್ವಾ? ಸಾಲದು. 91ರಲ್ಲಿರುವ ಚೌಕ ಆವರಣ 123ರ ಹೂ ಆವರಣವಾಗುತ್ತದೆ, ಕೋಡ್ ಕೆಟ್ಟಿತು. ಕನ್ನಡಕ್ಕೂ ಏಟು ಬೀಳುತ್ತದೆ. ಎಲ್ಲ ಭಾಷೆಗಳ ಅಕ್ಷರಗಳನ್ನೂ ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ‘ಕ’ ಅಂದರೆ 224, 178, 149 ಎಂಬ ಮೂರು ಬೈಟ್. ಕೊನೆಯದು 181 ಆದರೆ ಅದು ‘ವ’! ‘ರ’ ಮಾತ್ರ ಹಾಗೇ ಉಳಿಯುತ್ತದೆ. ಹೀಗಾಗಿ ಕಾಮೆಂಟ್‌ನಲ್ಲಿ ‘ಕರ’ ಎಂದು ಬರೆದದ್ದು ‘ವರ’ ಆಗಿಬಿಡುತ್ತದೆ. ತೆರಿಗೆ ಕಟ್ಟುವವರಿಗೆ ಖುಷಿಯಾದೀತು, ಪ್ರೋಗ್ರಾಮರ್‌ಗಲ್ಲ.

ಆದ್ದರಿಂದ ಕ್ಯಾಪಿಟಲ್ ಹೌದೋ ಅಲ್ಲವೋ ನೋಡಲೇಬೇಕು. ‘ಇಫ್’ ಹಾಕಿ ನೋಡಬಹುದು. ‘ಇಫ್’ ಬಂದಾಗ ಪ್ರೊಸೆಸರ್ ಉತ್ತರಕ್ಕೆ ಕಾಯದೆ ಮುಂದಿನ ದಾರಿ ಊಹಿಸಿ ಓಡುತ್ತದೆ. ಆದರೆ ಎರಡೂ ರೂಪ ಬೆರೆತ ಪಠ್ಯದಲ್ಲಿ ಪ್ರೊಸೆಸರ್‌ನ ಊಹೆ ಆಗಾಗ ತಪ್ಪುತ್ತದೆ. ತಪ್ಪಿದಾಗಲೆಲ್ಲ ಪ್ರೊಸೆಸರ್‌ನ ಹತ್ತಿಪ್ಪತ್ತು ಸೈಕಲ್ (ಗಡಿಯಾರದ ಬಡಿತ) ದಂಡ. ಬದಲಿಗೆ ಲೆಕ್ಕದಲ್ಲೇ ಮುಗಿಸಿ:

ಹೊಸದು = ಹಳೆಯದು + 32 × (ಹಳೆಯದು − 65 < 26)

ಸಿಯಲ್ಲಿ ಹೋಲಿಕೆಯ ಉತ್ತರ 1 ಅಥವಾ 0. ಕ್ಯಾಪಿಟಲ್ ಆದರೆ 32 ಕೂಡುತ್ತದೆ, ಅಲ್ಲದಿದ್ದರೆ ಸೊನ್ನೆ.

ಒಂದು ಎಚ್ಚರ. ಕಳೆದ ಮೇಲೆ ಬಂದ ಉತ್ತರವನ್ನು ಮತ್ತೆ ಅನ್‌ಸೈನ್ಡ್ ಕ್ಯಾರ್‌ಗೆ (0ರಿಂದ 255ರವರೆಗಿನ ಬೆಲೆ ಹಿಡಿಯುವ ಒಂದು ಬೈಟ್‌ಗೆ) ಕಾಸ್ಟ್ ಮಾಡಲೇಬೇಕು, ಅಂದರೆ ಬದಲಿಸಲೇಬೇಕು. ಸೊನ್ನೆ ಅಂಕಿಯ ಸಂಖ್ಯೆ 48. ಅದರಲ್ಲಿ 65 ಕಳೆದರೆ −17, ಅದು 26ಕ್ಕಿಂತ ಕಡಿಮೆಯೇ! ಕಾಸ್ಟ್ ಮಾಡಿದರೆ 239 ಆಗುತ್ತದೆ, ತೊಂದರೆಯಿಲ್ಲ. ಕನ್ನಡದ ಬೈಟ್‌ಗಳೆಲ್ಲ 128ರ ಮೇಲಿರುವುದರಿಂದ ಅವೂ ಸುರಕ್ಷಿತ.

ಈಗ ಇದನ್ನು ಸರಳ ಲೂಪ್‌ನಲ್ಲಿಡಿ. ಪ್ರತಿ ಬೈಟ್‌ನ ಉತ್ತರವನ್ನು ಮೊದಲೇ ಬರೆದಿಟ್ಟುಕೊಳ್ಳುವ 256 ಬೈಟ್‌ನ ಟೇಬಲ್ ಮಾಡುವ ಹಳೆಯ ದಾರಿಯೂ ಕೆಟ್ಟದ್ದಲ್ಲ, ಆದರೆ ನನ್ನ ಓಟು ಲೆಕ್ಕಕ್ಕೇ. ಜಿಸಿಸಿ ಎಂಬ ಸಿ ಕಂಪೈಲರ್‌ನಲ್ಲಿ ಓ3 ಎಂಬ ವೇಗ ಹೆಚ್ಚಿಸುವ ಆಯ್ಕೆ ಕೊಟ್ಟರೆ ಇಂಥ ಲೂಪನ್ನು ಕಂಪೈಲರ್ ತಾನೇ 16 ಬೈಟ್‌ಗಳ ಗುಂಪಾಗಿ ಓಡಿಸಬಲ್ಲದು. ಟೇಬಲ್‌ಗೆ ಆ ಅನುಕೂಲ ಸುಲಭವಾಗಿ ಸಿಗುವುದಿಲ್ಲ.

ಎಸ್‌ಕ್ಯೂಎಲ್‌ನಲ್ಲಿ ಕೋಟ್ ಒಳಗಿನ ಪಠ್ಯ ಡೇಟಾ, ಅದನ್ನು ಮುಟ್ಟಬೇಡಿ. ಕೋಟ್ ಎಲ್ಲಿ ಶುರು, ಎಲ್ಲಿ ಮುಗಿತು ಎಂದು ಮೊದಲೇ ಗುರುತಿಸಿಕೊಂಡು, ಹೊರಗಿನ ತುಂಡುಗಳನ್ನಷ್ಟೇ ಈ ಫಂಕ್ಷನ್‌ಗೆ ಕೊಡಿ. ಟೆಸ್ಟ್ ಮಾಡುವುದು ಸುಲಭ. ಇರುವುದೇ 256 ಬೈಟ್ ಬೆಲೆಗಳು. ‘ಇಫ್’ ಹಾಕಿದ ನಿಧಾನದ ಫಂಕ್ಷನ್ನೂ ಒಂದು ಬರೆದು, ಆ 256ಕ್ಕೂ ಎರಡರ ಉತ್ತರ ತಾಳೆ ನೋಡಿ.